ಆನ್‌ಲೈನ್ ಪಿಜಿ ಮಾಡಿ ಬಿಹೇವಿಯರ್ ಅನಲಿಸ್ಟ್ ಆಗಬಹುದಾ? ಚಿನ್ನ ಅಡ ಇಡೋ ಮೊದಲು ಕೇಳ್ತಿದೀನಿ

ಕುಶಾವತಿ · ಸೆಪ್ಟೆಂಬರ್ 9

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದವಳು. ಸ್ಪೆಷಲ್ ಬಿ.ಎಡ್. ಆಗಿದೆ, ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ನಂಬರ್ ಇದೆ, ನಾಲ್ಕು ವರ್ಷದಿಂದ ಒಂದು ಚಿಕ್ಕ ವಿಶೇಷ ಶಾಲೆಯಲ್ಲಿದೀನಿ. ಹದಿನೇಳು ಮಕ್ಕಳು, ಅದರಲ್ಲಿ ಆರು ಮಕ್ಕಳಿಗೆ ಆಟಿಸಂ. ಆ ಆರರ ಜೊತೆ ನಾನು ಮಾಡ್ತಿರೋದು ಸರಿನಾ ತಪ್ಪಾ ಅಂತ ದಿನಾ ಅನುಮಾನ. ಬಿ.ಎಡ್.ನಲ್ಲಿ ಬಿಹೇವಿಯರ್ ಬಗ್ಗೆ ಓದಿದ್ದು ಒಂದೇ ಪೇಪರ್, ಅದೂ ಪರೀಕ್ಷೆ ಮುಗಿದ ಮಾರನೇ ದಿನ ಮರೆತೋಯ್ತು.

ಈಗ ಒಬ್ಬ ಕನ್ಸಲ್ಟೆಂಟ್ ವಾರಕ್ಕೆರಡು ಸಲ ಫೋನ್ ಮಾಡ್ತಿದಾರೆ. ಹೊರದೇಶದ ವಿಶ್ವವಿದ್ಯಾಲಯ, ಎರಡು ವರ್ಷದ ಮಾಸ್ಟರ್ಸ್, ಪೂರ್ತಿ ಆನ್‌ಲೈನ್, ಮುಗಿದ ಮೇಲೆ "ಇಂಟರ್‌ನ್ಯಾಷನಲ್ ಸರ್ಟಿಫೈಡ್ ಬಿಹೇವಿಯರ್ ಅನಲಿಸ್ಟ್", ಅಂದರೆ ಮಗು ಯಾಕೆ ಹಾಗೆ ವರ್ತಿಸ್ತದೆ ಅಂತ ನೋಡಿ ಕಲಿಸೋ ತಜ್ಞೆ. ಇದೇ 20ರೊಳಗೆ ಮೊದಲ ಕಂತು ಕಟ್ಟಿದರೆ ರಿಯಾಯಿತಿಯಂತೆ. ಫೀಸು ಕೇಳಿ ನಮ್ಮನೆಯವರು ಏನೂ ಮಾತಾಡದೆ ತೋಟಕ್ಕೆ ಹೋದರು. ಇರೋದು ಒಂದೂವರೆ ಎಕರೆ ಅಡಿಕೆ, ಈ ವರ್ಷ ಕೊಳೆ ರೋಗ ಬೇರೆ. ನನ್ನ ಬಳೆ ಅಡ ಇಟ್ಟರೆ ಮೊದಲ ಕಂತು ಆಗ್ತದೆ.

ಕನ್ಸಲ್ಟೆಂಟ್ ಹೇಳಿದ್ದರಲ್ಲಿ ಎಷ್ಟು ನಿಜ? ಈ ಓದು ಮಾಡಿದವರು ಯಾರಾದರೂ ಇದೀರಾ?

ರಾತ್ರಿ ಪಾಳಿ · ಸೆಪ್ಟೆಂಬರ್ 9

ಬಳೆ ಒಳಗಿಡಿ, ಮೇಡಂ. ಆಮೇಲೆ ಓದಿ.

ನಾನು ಸಾಗರ ಸೀಮೆಯವನು, ಈಗ ನ್ಯೂಜೆರ್ಸಿಯಲ್ಲಿ ಇದೇ ಕೆಲಸ ಮಾಡ್ತಿದೀನಿ. ಆ ಕನ್ಸಲ್ಟೆಂಟ್ ಎರಡು ಬೇರೆ ವಿಷಯ ಸೇರಿಸಿ ಒಂದು ಮಾಡಿದಾರೆ. ವಿಶ್ವವಿದ್ಯಾಲಯ ಕೊಡೋದು ಡಿಗ್ರಿ. ಸರ್ಟಿಫಿಕೇಟ್ ಕೊಡೋದು ಬಿಎಸಿಬಿ ಅಂತ ಅಮೆರಿಕದ ಮಂಡಳಿ, 1998ರಲ್ಲಿ ಶುರುವಾದದ್ದು. ಅವರ ಮಾಸ್ಟರ್ಸ್ ಮಟ್ಟದ ಸರ್ಟಿಫಿಕೇಟಿಗೆ ಬಿಸಿಬಿಎ ಅಂತಾರೆ. ಡಿಗ್ರಿ ಇದ್ದರೆ ಪರೀಕ್ಷೆಯ ಬಾಗಿಲ ತನಕ ಹೋಗಬಹುದು, ಅಷ್ಟೆ.

ಮತ್ತೆ ಆ ಬಾಗಿಲು ನಿಮಗೆ ಮುಚ್ಚಿದೆ. 2023ರ ಜನವರಿ 1ರಿಂದ ಭಾರತದಲ್ಲಿ ವಾಸ ಇರುವವರ ಹೊಸ ಅರ್ಜಿಯನ್ನು ಬಿಎಸಿಬಿ ತಗೊಳ್ಳೋದಿಲ್ಲ. ಈ ನಿರ್ಧಾರವನ್ನು ಅವರು 2019ರಲ್ಲೇ ಹೇಳಿದ್ದರು, ಗುಟ್ಟೇನಲ್ಲ. ಅದಕ್ಕೂ ಮೊದಲು ಪಡೆದವರು ಬೆಂಗಳೂರು, ಚೆನ್ನೈ, ದೆಹಲಿಯಲ್ಲಿ ಇದಾರೆ, ಅವರನ್ನು ತೋರಿಸಿಯೇ ಈ ಕನ್ಸಲ್ಟೆಂಟ್‌ಗಳು ಕೋರ್ಸ್ ಮಾರೋದು.

ಇಲ್ಲಿಗೆ ಬಂದು ನೆಲೆಸೋ ಯೋಚನೆ ಇದ್ದರೆ ಲೆಕ್ಕ ಬೇರೆ. ಆಗಲೂ ತರಗತಿ ಸಣ್ಣ ಭಾಗ. ನಾನು ಮಾಡುವಾಗ 315 ಗಂಟೆ ಪಾಠ, 2000 ಗಂಟೆ ಮೇಲ್ವಿಚಾರಣೆಯ ಕೆಲಸ, ಕೊನೆಗೆ ನಾಲ್ಕು ಗಂಟೆಯ 185 ಪ್ರಶ್ನೆಯ ಪರೀಕ್ಷೆ. ಆ 2000 ಗಂಟೆಯನ್ನು ಮಗುವಿನ ಎದುರು ಕೂತು ಕಳೆದರೆ ಆಗೋದಿಲ್ಲ. ನೇರ ಥೆರಪಿ ಲೆಕ್ಕಕ್ಕೆ ಬರೋದು ಹೆಚ್ಚೆಂದರೆ ಶೇ 40. ಉಳಿದದ್ದು ಗಮನಿಸೋದು, ದಾಖಲೆ ಇಡೋದು, ಗ್ರಾಫ್ ಓದೋದು, ಯೋಜನೆ ಬರೆಯೋದು, ಮನೆಯವರಿಗೆ ಕಲಿಸೋದು. ಶೇ 5ರಷ್ಟು, ಅಂದರೆ ನೂರು ಗಂಟೆ, ಸೂಪರ್‌ವೈಸರ್ ಜೊತೆ. ನಾನು ನಿಜವಾಗಿ ಕಲಿತದ್ದು ಆ ನೂರು ಗಂಟೆಯಲ್ಲಿ.

ಆ ಕೋರ್ಸಿನಲ್ಲಿ ಸೂಪರ್‌ವೈಸರ್ ಯಾರು ಅಂತ ಕೇಳಿದೀರಾ?

ಮಂಡಗದ್ದೆ ಬಸ್ · ಸೆಪ್ಟೆಂಬರ್ 10

ರಿಯಾಯಿತಿಗೆ ಕೊನೇ ದಿನ ಅಂತ ಇದ್ದರೆ ನಾನು ಸೀರೆನೂ ತಗೊಳಲ್ಲ ಮಾರಾಯ್ತಿ. ಡಿಗ್ರಿ ತಗೊಳೋದಾ!

ವಿನೋಬನಗರ ಮೇಷ್ಟ್ರು · ಸೆಪ್ಟೆಂಬರ್ 10

ಕಾನೂನಿನ ಕಡೆಯಿಂದ ನಾಲ್ಕು ಮಾತು. ನಿವೃತ್ತ ಉಪನ್ಯಾಸಕ, ಮೊಮ್ಮಗಳ ಕಾರಣಕ್ಕೆ ಇದನ್ನೆಲ್ಲ ಓದಿಕೊಂಡೆ.

ನಮ್ಮ ದೇಶದಲ್ಲಿ ಅಂಗವಿಕಲರ ಪುನರ್ವಸತಿ ಕೆಲಸಕ್ಕೆ 1992ರ ಆರ್‌ಸಿಐ ಕಾಯಿದೆ ಇದೆ. ವಿಶೇಷ ಶಿಕ್ಷಕರು, ವಾಕ್-ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟರು ಹೀಗೆ ಹದಿನಾರು ವರ್ಗ ಅದರ ನೋಂದಣಿಗೆ ಬರುತ್ತವೆ. ಬಿಹೇವಿಯರ್ ಅನಲಿಸ್ಟ್ ಎಂಬ ವರ್ಗ ಆ ಹದಿನಾರರಲ್ಲಿ ಇಲ್ಲ. ನೋಂದಣಿಯಿಲ್ಲದೆ ಪುನರ್ವಸತಿ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 13ನೇ ಕಲಂ ಹೇಳುತ್ತದೆ. ಕುಶಾವತಿಯವರೇ, ನಿಮ್ಮ ಆರ್‌ಸಿಐ ನಂಬರ್ ಇದೆಯಲ್ಲ, ಹೊರದೇಶದ ಯಾವ ಸರ್ಟಿಫಿಕೇಟಿಗಿಂತಲೂ ಇಲ್ಲಿ ಅದರ ತೂಕ ಹೆಚ್ಚು. ನವೀಕರಣ ತಪ್ಪಿಸಬೇಡಿ.

ಇನ್ನೊಂದು ಕಾಯಿದೆ 2021ರದು, ಆರೋಗ್ಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ್ದು. ಅದರ ಅನುಸೂಚಿಯಲ್ಲಿ ವರ್ತನಾ ವಿಶ್ಲೇಷಕ ಎಂಬ ಹೆಸರು ಇದೆ. ಅದರ ಬಾಲ ಹಿಡಿದು 2025ರಲ್ಲಿ ಯುಜಿಸಿ ಒಂದು ಆದೇಶ ಮಾಡಿತು: ಆ ಕಾಯಿದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು, ಸೈಕಾಲಜಿಯೂ ಸೇರಿ, 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವಂತಿಲ್ಲ. ನಮ್ಮ ವಿಶ್ವವಿದ್ಯಾಲಯಗಳಿಗೇ ಹೀಗೆ ಹೇಳಿರುವಾಗ ಹೊರದೇಶದ ಆನ್‌ಲೈನ್ ಪದವಿಗೆ ಇಲ್ಲಿ ಏನು ಬೆಲೆ ಎಂದು ಆ ಮಹಾಶಯರಿಂದ ಬರಹದಲ್ಲಿ ಉತ್ತರ ಪಡೆಯಿರಿ. ಫೋನಿನಲ್ಲಿ ಬೇಡ.

ಮಂಡಗದ್ದೆ ಬಸ್ · ಸೆಪ್ಟೆಂಬರ್ 10

ಮತ್ತೆ ಅಮೆರಿಕದಲ್ಲಿ ಇದಕ್ಕೆ ಅಷ್ಟು ಸಂಬಳ ಯಾಕೆ ಕೊಡ್ತಾರೆ? ಇಲ್ಲಿ ಯಾಕಿಲ್ಲ?

ರಾತ್ರಿ ಪಾಳಿ · ಸೆಪ್ಟೆಂಬರ್ 11

ಇನ್ಶೂರೆನ್ಸ್. 2019ರ ಹೊತ್ತಿಗೆ ಇಲ್ಲಿನ ಐವತ್ತೂ ರಾಜ್ಯಗಳು ಆಟಿಸಂ ಚಿಕಿತ್ಸೆಯ ಖರ್ಚನ್ನು ವಿಮೆಯೊಳಗೆ ತಂದಿದ್ದವು. ವಿಮಾ ಕಂಪನಿಗೆ ಬಿಲ್ಲಿನ ಕೆಳಗೆ ಸರ್ಟಿಫಿಕೇಟ್ ಇರೋವರ ಸಹಿ ಬೇಕು. ಊರಲ್ಲಿ ಆ ಸಹಿ ಕೇಳೋರು ಯಾರು? ಸರ್ಕಾರದ ನಿರಾಮಯ ಆರೋಗ್ಯ ವಿಮೆ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗ್ತದೆ, ಥೆರಪಿಗೆ ಅದರಲ್ಲೊಂದು ಪಾಲು. ಉಳಿದದ್ದೆಲ್ಲ ಅಪ್ಪ ಅಮ್ಮನ ಜೇಬು. ಡಾಲರಿನಲ್ಲಿ ಫೀಸು ಕಟ್ಟಿ ರೂಪಾಯಿಯಲ್ಲಿ ದುಡಿಯೋದು ಅಂದರೆ ಅಡಿಕೆ ರೇಟು ಬಿದ್ದ ವರ್ಷ ಕಾರು ಕೊಂಡ ಹಾಗೆ.

ಅವನಮ್ಮ · ಸೆಪ್ಟೆಂಬರ್ 11

ಹೊಸನಗರ ಕಡೆಯವಳು. ಮಗನಿಗೆ ಏಳು ವರ್ಷ, ಮಾತಿಲ್ಲ. ನೀವೆಲ್ಲ ಸರ್ಟಿಫಿಕೇಟಿನ ಮಾತಾಡ್ತಿದೀರಿ, ನಂಗೆ ಬೇಕಾಗಿರೋದು ನನ್ನ ಮನೆ ಜಗಲಿಗೆ ಬಂದು ಕೂರೋರು.

ಹೋದ ವರ್ಷ ಬೆಂಗಳೂರಿನ ಒಬ್ಬರ ಹತ್ರ ಆನ್‌ಲೈನಲ್ಲಿ ಪೇರೆಂಟ್ ಟ್ರೇನಿಂಗ್ ತಗೊಂಡೆ. ಸುಳ್ಳು ಹೇಳಬಾರದು, ಒಂದು ವಿಷಯ ಚೆನ್ನಾಗಿ ಕಲಿಸಿದರು. ಅವನು ತಲೆ ಚಚ್ಚಿಕೊಂಡಾಗಲೆಲ್ಲ ಮೂರು ಕಲಂ ಬರೀರಿ ಅಂದರು: ಅದಕ್ಕೆ ಸ್ವಲ್ಪ ಮುಂಚೆ ಏನಾಯ್ತು, ಅವನು ಏನು ಮಾಡಿದ, ಆಮೇಲೆ ಏನಾಯ್ತು. ಡೈರಿ ಹಾಲಿನ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದೆ. ಹದಿನೈದು ದಿನಕ್ಕೆ ಇಪ್ಪತ್ತಮೂರು ಸಲ. ಬರೆದದ್ದು ಓದಿದಾಗ ನಂಗೇ ಆಶ್ಚರ್ಯ. ಹದಿನಾರು ಸಲ ಸಂಜೆ, ನಾನು ಬರೆಯಕ್ಕೆ ಕೂರಿಸಿದಾಗ. ಮೂರನೇ ಕಲಮಿನಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ: ಅಜ್ಜಿ ಬಂದು ಎತ್ಕೊಂಡು ಹೋದರು, ಬೆಲ್ಲ ಕೊಟ್ಟರು.

ಅಲ್ಲಿ ತನಕ ಸರಿ. ಆಮೇಲೆ ಅವರು "ಇಗ್ನೋರ್ ಮಾಡಿ, ಅಳಲಿ ಬಿಡಿ, ಅಜ್ಜಿಗೆ ಹೇಳಿ" ಅಂದರು. ಮೂರು ದಿನ ಮಾಡಿದೆ. ಕಮ್ಮಿ ಆಗೋದಿರಲಿ, ಗೋಡೆಗೆ ಚಚ್ಚಿಕೊಳ್ಳಕ್ಕೆ ಶುರು ಮಾಡಿದ. ಅತ್ತೆ ಎರಡು ಹೊತ್ತು ಊಟ ಬಿಟ್ಟರು. ನಾಲ್ಕನೇ ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟೆ, ಮತ್ತೆ ಆ ಕ್ಲಾಸಿಗೆ ಹೋಗಲಿಲ್ಲ. ಆನ್‌ಲೈನಲ್ಲಿ ಕಲಿತೋರು ಆನ್‌ಲೈನಲ್ಲಿ ಕಲಿಸಿದರೆ ಇಷ್ಟೇ ಅಂತ ಅನ್ಕೊಂಡೆ.

ರಾತ್ರಿ ಪಾಳಿ · ಸೆಪ್ಟೆಂಬರ್ 12

ಅಕ್ಕಾ, ಓದಿ ಬೇಜಾರಾಯ್ತು. ಹಾಲಿನ ಪುಸ್ತಕದಲ್ಲಿ ನೀವು ಮಾಡಿದ ಕೆಲಸಕ್ಕೆ ನನ್ನ ಜೂನಿಯರ್‌ಗಳು ಎರಡು ಸೆಮಿಸ್ಟರ್ ತಗೋತಾರೆ. ತಪ್ಪಾಗಿದ್ದು ಅದರ ನಂತರದ್ದು.

ಸಿಗ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ ಯಾರಾದರೂ ಮೊದಲು ಜೋರು ಮಾಡ್ತಾರೆ. ಸ್ವಿಚ್ ಒತ್ತಿದಾಗ ದೀಪ ಹತ್ತದಿದ್ದರೆ ನಾವೂ ನಾಲ್ಕು ಸಲ ಟಕಟಕ ಒತ್ತೋದಿಲ್ವಾ, ಹಾಗೆ. ನಮ್ಮ ಪುಸ್ತಕದಲ್ಲಿ ಅದಕ್ಕೆ ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅಂತಾರೆ. ಅದು ಬರ್ತದೆ ಅಂತ ಮೊದಲೇ ಹೇಳಬೇಕಿತ್ತು. ತಲೆ ಚಚ್ಚಿಕೊಳ್ಳೋ ಮಗುವಿನ ವಿಷಯದಲ್ಲಿ ಬರೀ "ಬಿಡಿ" ಅನ್ನೋದನ್ನ ಹೇಳಲೇಬಾರದಿತ್ತು. ಅದಕ್ಕೂ ಮುಂಚೆ ಕಿವಿ ನೋವು, ಹಲ್ಲು, ಮಲಬದ್ಧತೆ ಇದೆಯಾ ಅಂತ ಡಾಕ್ಟರಿಗೆ ತೋರಿಸಬೇಕು. ನೋವಿಗೆ ಚಚ್ಚಿಕೊಳ್ಳೋ ಮಗುವಿಗೆ ಯಾವ ಗ್ರಾಫೂ ಸಹಾಯ ಮಾಡಲ್ಲ.

ನಿಮ್ಮ ಪುಸ್ತಕ ಹೇಳ್ತಿರೋದು: ಅವನಿಗೆ ಬರೆಯೋದರಿಂದ ತಪ್ಪಿಸ್ಕೋಬೇಕು, ಅದನ್ನ ಕೇಳೋಕೆ ಬೇರೆ ದಾರಿ ಗೊತ್ತಿಲ್ಲ. ಹಾಗಾದರೆ ಆ ದಾರಿ ಕೊಡಬೇಕು. 1985ರಲ್ಲಿ ಕಾರ್ ಮತ್ತು ಡ್ಯುರಾಂಡ್ ಅನ್ನೋ ಇಬ್ಬರು ಇದನ್ನೇ ತೋರಿಸಿದರು: ಮಗು ಯಾವುದಕ್ಕಾಗಿ ರಂಪ ಮಾಡ್ತದೋ ಅದನ್ನೇ ಕೇಳೋ ಮಾತು ಕಲಿಸಿದರೆ ರಂಪ ಇಳೀತದೆ. ಮಾತಿಲ್ಲದಿದ್ದರೆ ಒಂದು ಕಾರ್ಡ್, ಒಂದು ಸನ್ನೆ. ಕಾರ್ಡ್ ಕೊಟ್ಟ ತಕ್ಷಣ ಬರೆಯೋದು ನಿಲ್ಲಬೇಕು. ಮೊದಲ ದಿನಗಳಲ್ಲಿ ಪ್ರತಿ ಸಲವೂ, ಒಂದು ಅಕ್ಷರ ಬರೆದಿರದಿದ್ದರೂ. ಕಾಯೋದನ್ನ ಆಮೇಲೆ ಮೆಲ್ಲಗೆ ಹೆಚ್ಚಿಸಬಹುದು. ಅಜ್ಜಿಯನ್ನ ವೈರಿ ಮಾಡೋದು ಬೇಡ, ಬೆಲ್ಲ ಅವರೇ ಕೊಡಲಿ. ಚಚ್ಚಿಕೊಂಡಾಗ ಅಲ್ಲ, ಕಾರ್ಡ್ ಕೊಟ್ಟಾಗ.

ಇದು ಇಲ್ಲಿ ಕೂತು ಹೇಳೋ ಮಾತು, ಅವನನ್ನ ನಾನು ನೋಡಿಲ್ಲ. ಹತ್ತಿರದವರು ಯಾರಾದರೂ ಜೊತೆಗಿದ್ದು ಮಾಡಬೇಕು.

ಹೆಡ್‌ಫೋನ್ · ಸೆಪ್ಟೆಂಬರ್ 12

ಶಿವಮೊಗ್ಗ. ವಯಸ್ಸು 26. ನನಗೇ ಆಟಿಸಂ ಇದೆ. ಇಷ್ಟು ಹೊತ್ತು ಎಲ್ಲರೂ ನಮ್ಮ ಬಗ್ಗೆ ಮಾತಾಡಿದಿರಿ, ಒಂದು ಮಾತು ನಮ್ಮ ಕಡೆಯಿಂದ.

ಚಿಕ್ಕವನಿದ್ದಾಗ ಒಂದು ಕಡೆ ಕರ್ಕೊಂಡು ಹೋಗ್ತಿದ್ದರು, ಹೆಸರು ಬೇಡ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಚಿಪ್ಸ್. ಕೈ ಆಡಿಸಿದರೆ ಕೈ ಹಿಡ್ಕೊಳ್ತಿದ್ದರು. ಈಗ ನಾನು ಎಲ್ಲರ ಕಣ್ಣು ನೋಡಿ ಮಾತಾಡ್ತೀನಿ. ಆದರೆ ಆಗ ಅವರು ಏನು ಹೇಳ್ತಿದಾರೆ ಅನ್ನೋದು ನನ್ನ ಕಿವಿಗೆ ಹೋಗಲ್ಲ, ಕಣ್ಣು ನೋಡೋ ಕೆಲಸವೇ ಪೂರ್ತಿ ತಲೆ ತಿನ್ನುತ್ತೆ. ಇದಕ್ಕೆ ಅವರ ಗ್ರಾಫಲ್ಲಿ ನೂರಕ್ಕೆ ನೂರು ಬಂದಿರಬೇಕು.

ಈ ವಿದ್ಯೆಯ ಚರಿತ್ರೆ ಕೋರ್ಸಿನ ಬ್ರೋಷರಲ್ಲಿ ಇರಲ್ಲ. ಎಲ್ಲರೂ ಹೆಮ್ಮೆಯಿಂದ ಹೇಳೋ 1987ರ ಅಧ್ಯಯನ, ಅಮೆರಿಕದ ಮನಶ್ಶಾಸ್ತ್ರಜ್ಞ ಲೋವಾಸ್ ಮಾಡಿದ್ದು: ಹತ್ತೊಂಬತ್ತು ಮಕ್ಕಳು, ವಾರಕ್ಕೆ ನಲವತ್ತು ಗಂಟೆ, ಒಂಬತ್ತು ಮಕ್ಕಳು "ನಾರ್ಮಲ್" ಆದರು ಅಂತ. ಅದರಲ್ಲಿ ಜೋರಾಗಿ ಗದರೋದು, ತೊಡೆಗೆ ಹೊಡೆಯೋದು ಕೂಡ ವಿಧಾನದ ಭಾಗ ಆಗಿತ್ತು ಅನ್ನೋದು ಎಷ್ಟು ಜನ ಹೇಳ್ತಾರೆ? ಕರೆಂಟ್ ಶಾಕ್ ಕೊಡೋದನ್ನ ವಿರೋಧಿಸ್ತೀವಿ ಅಂತ ಈ ವೃತ್ತಿಯವರ ಅಂತರರಾಷ್ಟ್ರೀಯ ಸಂಘ ಮತ ಹಾಕಿ ನಿಲುವು ತಗೊಂಡಿದ್ದು 2022ರಲ್ಲಿ. 2022!

ಕುಶಾವತಿ ಮೇಡಂ, ಓದಿ, ಬೇಡ ಅನ್ನಲ್ಲ. ಆದರೆ ಕೋರ್ಸಿನವರನ್ನ ಇದೊಂದು ಕೇಳಿ: ಮಗು ಬೇಡ ಅಂದರೆ ಏನು ಮಾಡಬೇಕು ಅಂತ ಎಷ್ಟನೇ ವಾರ ಕಲಿಸ್ತೀರಿ?

ಅವನಮ್ಮ · ಸೆಪ್ಟೆಂಬರ್ 12

ನಿಮ್ಮ ನೋವು ಅರ್ಥ ಆಗ್ತದೆ ತಮ್ಮಾ. ಆದರೆ ನೀವು ಇಷ್ಟುದ್ದ ಬರೀತೀರಿ. ನನ್ನ ಮಗ ಹೊಟ್ಟೆ ನೋವು ಅಂತ ಹೇಳಲಾರ. ಅವನಿಗೆ ಏನೂ ಕಲಿಸಬೇಡಿ ಅಂದರೆ ನಾನೇನು ಮಾಡಲಿ?

ಹೆಡ್‌ಫೋನ್ · ಸೆಪ್ಟೆಂಬರ್ 13

ಕಲಿಸಬೇಡಿ ಅಂದಿಲ್ಲ ಅಕ್ಕ. ಆ ಕಾರ್ಡಿನ ವಿಷಯ ಓದಿದೆ, ನಂಗೆ ಅಂಥದ್ದು ಯಾರೂ ಕೊಡಲಿಲ್ಲ. ಕೊಟ್ಟಿದ್ದರೆ ಚೆನ್ನಾಗಿರ್ತಿತ್ತು. ಅವನಿಗೆ ಬೇಕಾದ್ದನ್ನ ಕಲಿಸಿ. ನೋಡೋರಿಗೆ ಚೆಂದ ಕಾಣಲಿ ಅಂತ ಕಲಿಸಬೇಡಿ, ಅಷ್ಟೆ.

ನಗರ ಹೋಬಳಿ · ಸೆಪ್ಟೆಂಬರ್ 13

ನಾನು ಬೇರೆ ವಿಷಯದಲ್ಲಿ ಹೊರದೇಶದ ಆನ್‌ಲೈನ್ ಕೋರ್ಸ್ ಮಾಡಿದೀನಿ, ಅನುಭವ ಹೇಳ್ತೀನಿ. ಅಮೆರಿಕದ ಪೂರ್ವ ಕರಾವಳಿಯ ಸಂಜೆ ಏಳು ಅಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ, ನವೆಂಬರ್ ಮೇಲೆ ಐದೂವರೆ. ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಮೂರು ದಿನ ಕರೆಂಟಿಲ್ಲ, ಟವರಿನ ಡೀಸೆಲ್ ಮುಗಿದ ಮೇಲೆ ಸಿಗ್ನಲ್ಲೂ ಇಲ್ಲ. ಗುಡ್ಡದ ಮೇಲೆ ಕೊಡೆ ಹಿಡ್ಕೊಂಡು ಪರೀಕ್ಷೆ ಬರೆದಿದೀನಿ. ಹಾಜರಿ ತಪ್ಪಿದರೆ ಎಂತ ಮಾಡ್ತಾರೆ ಅಂತ ಮೊದಲೇ ಕೇಳಿ.

ಮೈಸೂರಲ್ಲಿ ಓದಿದವಳು · ಸೆಪ್ಟೆಂಬರ್ 15

ತಡವಾಗಿ ಬಂದೆ. ವಾಕ್ ಚಿಕಿತ್ಸಕಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿದ್ದು, ಈಗ ಭದ್ರಾವತಿಯಲ್ಲಿ ಕೆಲಸ. ಇಲ್ಲಿ ಯಾರೂ ಎತ್ತದ ಒಂದು ವಿಷಯ ಭಾಷೆ.

ಈ ಕೋರ್ಸುಗಳೆಲ್ಲ ಇಂಗ್ಲಿಷಿನಲ್ಲಿ ಹುಟ್ಟಿದವು. ಮಗುವಿಗೆ ಕೇಳೋದು ಕಲಿಸುವಾಗ ಪೂರ್ತಿ ವಾಕ್ಯ ಹೇಳಿಸ್ತಾರೆ. ಅದನ್ನ ಹಾಗೇ ಇಳಿಸಿ ನಮ್ಮಲ್ಲಿ "ನನಗೆ ನೀರು ಬೇಕು" ಅಂತ ಹೇಳಿಸೋತನಕ ಲೋಟ ಕೈಗೆ ಕೊಡದೆ ಕೂರೋರನ್ನ ನೋಡಿದೀನಿ. ಯಾವ ಮನೇಲಿ ಮಕ್ಕಳು ಹಾಗೆ ಮಾತಾಡ್ತವೆ? "ನೀರು" ಅಂದರೆ ಸಾಕು, "ನೀರ್ ಬೇಕು" ಅಂದರೆ ಧಾರಾಳ. ಕನ್ನಡದಲ್ಲಿ ನಮಗೆ ಮೂರು ಪುಟ್ಟ ಪದ ಇವೆ: ಬೇಕು, ಬೇಡ, ಸಾಕು. ಬೇರೆ ಯಾವ ಪದದ ಹಂಗೂ ಇಲ್ಲದೆ ಒಂದೊಂದೂ ಪೂರ್ತಿ ಮಾತು. ನಾನು ಯಾವಾಗಲೂ ಶುರು ಮಾಡೋದು ಇವುಗಳಿಂದ, ಅದರಲ್ಲೂ "ಸಾಕು" ಮೊದಲು. ಯಾಕಂದರೆ ದೊಡ್ಡವರು "ಬೇಕು" ಕಲಿಸೋಕೆ ಓಡ್ತಾರೆ, ನಿಲ್ಲಿಸು ಅನ್ನೋ ಅಧಿಕಾರ ಮಗುವಿಗೆ ಕೊಡೋಕೆ ಯಾರಿಗೂ ಮನಸ್ಸಿಲ್ಲ.

ಚಿತ್ರದ ಕಾರ್ಡುಗಳ ಕಥೆ ಇನ್ನೊಂದು. ಪೇಟೆಯಿಂದ ತಂದ ಸೆಟ್ಟಿನಲ್ಲಿ ಸ್ಟ್ರಾಬೆರಿ, ಹಿಮದ ಗೊಂಬೆ. "ಹಸು" ಅಂತ ಬರೆದಿರ್ತದೆ, ಮನೇಲಿ ಎಲ್ಲರೂ "ದನ" ಅಂತಾರೆ. ಹವ್ಯಕರ ಮನೆ ಮಗುವಿಗೆ ಬಟ್ಟಲು ಅಂದರೆ ಊಟದ ತಟ್ಟೆ, ನಮ್ಮನೇಲಿ ಬಟ್ಟಲು ಅಂದರೆ ಪಾಯಸ ಹಾಕೋದು. ಉರ್ದು, ತುಳು, ಲಂಬಾಣಿ ಮನೆಮಾತಿನ ಮಕ್ಕಳು ಬೇರೆ. ಮಗು "ತಪ್ಪು" ಉತ್ತರ ಕೊಟ್ಟಿತು ಅಂತ ಗುರುತು ಹಾಕೋ ಮೊದಲು ಅದರ ಮನೇಲಿ ಆ ವಸ್ತುವಿಗೆ ಏನಂತಾರೆ ಅಂತ ಕೇಳಬೇಕಲ್ವಾ. ಇದನ್ನ ಯಾವ ಆನ್‌ಲೈನ್ ಪಿಜಿಯೂ ಕಲಿಸಲ್ಲ, ಕಲಿಸೋಕೆ ಅವರಿಗೆ ಗೊತ್ತೂ ಇಲ್ಲ.

ಕುಶಾವತಿ · ಸೆಪ್ಟೆಂಬರ್ 18

ಎಲ್ಲ ಓದ್ತಿದೀನಿ, ಎರಡೆರಡು ಸಲ. ಕನ್ಸಲ್ಟೆಂಟಿಗೆ ಇಮೇಲಲ್ಲಿ ನಾಲ್ಕು ಪ್ರಶ್ನೆ ಕಳಿಸಿದೆ: ಭಾರತದಲ್ಲಿದ್ದು ಪರೀಕ್ಷೆ ಬರೆಯಬಹುದಾ, ಸೂಪರ್‌ವೈಸರ್ ಯಾರು, ಇಲ್ಲಿ ಪದವಿಗೆ ಮಾನ್ಯತೆ ಇದೆಯಾ, ಮಗು ಬೇಡ ಅಂದರೆ ಎಷ್ಟನೇ ವಾರ. ಉತ್ತರ ಬರಲಿಲ್ಲ. ಫೋನ್ ಬಂತು, ರಿಯಾಯಿತಿ 30ರ ತನಕ ವಿಸ್ತರಿಸಿದಾರಂತೆ.

ರಾತ್ರಿ ಪಾಳಿ ಅಣ್ಣ, ಹಾಗಾದರೆ ಇಲ್ಲೇ ಇದ್ದು ಕಲಿಯೋಕೆ ಏನಿದೆ?

ರಾತ್ರಿ ಪಾಳಿ · ಸೆಪ್ಟೆಂಬರ್ 19

ಇದೇ ಥರದ ಸರ್ಟಿಫಿಕೇಟ್ ಕೊಡೋ ಐಬಿಎಒ, ಕ್ಯೂಎಬಿಎ ಅಂತ ಬೇರೆ ಎರಡು ಸಂಸ್ಥೆಗಳಿವೆ, ಭಾರತದವರನ್ನೂ ತಗೋತವೆ. ಎರಡರಲ್ಲೂ ಕೆಳಗಿನ ಮೆಟ್ಟಿಲು 40 ಗಂಟೆಯ ತರಬೇತಿಯಿಂದ ಶುರು. ಅಮೆರಿಕದ ಕೆಲಸಕ್ಕೆ ಬಿಸಿಬಿಎ ಬದಲಿಗೆ ಇವು ಎಲ್ಲ ಕಡೆ ನಡೆಯಲ್ಲ, ಊರಲ್ಲಿ ಇವುಗಳಿಂದ ಸಂಬಳವೂ ಏರಲ್ಲ. ಕಲಿಯೋಕೆ ಮಾತ್ರ ಒಳ್ಳೇದು. ಮೇಲಿನ ಮೆಟ್ಟಿಲಿಗೆ ಹೋಗೋದಾದರೆ ಹಣವನ್ನ ಕೋರ್ಸಿಗಿಂತ ಸೂಪರ್‌ವೈಸರಿಗೆ ಹಾಕಿ. ಭಾರತದಲ್ಲೇ ಇರೋ ಹಳೇ ಬಿಸಿಬಿಎಗಳು ವಿಡಿಯೋದಲ್ಲಿ ಮೇಲ್ವಿಚಾರಣೆ ಮಾಡ್ತಾರೆ. ಮಕ್ಕಳ ವಿಡಿಯೋ ತೆಗೆಯೋ ಮುನ್ನ ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿರಲಿ. ವಾಟ್ಸಾಪಲ್ಲಿ ಕಳಿಸೋದಂತೂ ಬೇಡವೇ ಬೇಡ.

ಪಿಜಿಯೇ ಬೇಕು ಅನಿಸಿದರೆ ಆರ್‌ಸಿಐ ಮಾನ್ಯತೆಯ ಸ್ಪೆಷಲ್ ಎಂ.ಎಡ್. ನೋಡಿ. ಮೇಷ್ಟ್ರು ಹೇಳಿದ ನಂಬರಿಗೆ ಅದು ಜೋಡಣೆ ಆಗ್ತದೆ.

ವಿನೋಬನಗರ ಮೇಷ್ಟ್ರು · ಸೆಪ್ಟೆಂಬರ್ 19

ಅನುಮೋದಿತ ಸಂಸ್ಥೆಗಳ ಪಟ್ಟಿ ಆರ್‌ಸಿಐ ಜಾಲತಾಣದಲ್ಲಿಯೇ ಇದೆ. ಬ್ರೋಷರಿನಲ್ಲಿ ಮುದ್ರೆ ಇದೆ ಎಂದು ನಂಬದೆ ಅಲ್ಲಿ ನೋಡುವುದು.

ಕುಶಾವತಿ · ಡಿಸೆಂಬರ್ 14

ಮೂರು ತಿಂಗಳಾಯ್ತು, ವರದಿ ಒಪ್ಪಿಸಬೇಕಲ್ಲ. ಆ ಪಿಜಿಗೆ ಸೇರಲಿಲ್ಲ. ಬಳೆ ಕೈಯಲ್ಲಿದೆ. 40 ಗಂಟೆಯದು ಮುಗಿಸಿದೆ, ಎರಡು ವಾರಕ್ಕೊಮ್ಮೆ ಒಬ್ಬರು ಸೂಪರ್‌ವೈಸರ್ ವಿಡಿಯೋದಲ್ಲಿ ನನ್ನ ಪಾಠ ನೋಡಿ ಬೈತಾರೆ. ನಾನು ಮಗುವಿಗೆ ಯೋಚಿಸೋಕೆ ಎರಡು ಸೆಕೆಂಡೂ ಕೊಡದೆ ಉತ್ತರ ಹೇಳಿಕೊಡ್ತೀನಂತೆ. ನಾಲ್ಕು ವರ್ಷದಿಂದ ಹಾಗೇ ಮಾಡ್ತಿದ್ದೆ ಅಂತ ಈಗ ಗೊತ್ತಾಯ್ತು.

ಇನ್ನೊಂದು. ಅವನಮ್ಮ ಅವರ ಮನೆಗೆ ಭಾನುವಾರ ಹೋಗ್ತಿದೀನಿ, ಇದು ಐದನೇ ವಾರ. ಡಾಕ್ಟರಿಗೆ ತೋರಿಸಿ ಆಗಿತ್ತು, ಕಿವಿ ಹಲ್ಲು ಸರಿ ಇದೆ. ಹಳೇ ಮದುವೆ ಕಾಗದ ಕತ್ತರಿಸಿ ಕಾರ್ಡ್ ಮಾಡಿದೆ, ಬೇಕು, ಬೇಡ, ಸಾಕು. ಅಂಗಳದಲ್ಲಿ ಅಡಿಕೆ ಸುಲಿಯೋರ ಗಲಾಟೆ ನಡುವೆಯೇ ಕೂತಿದ್ವಿ. ಇವತ್ತು ಬ್ಲಾಕ್ ಜೋಡಿಸೋದು ಇಟ್ಕೊಂಡಿದ್ದೆ, ಅರ್ಧ ಗಂಟೆಯ ಪ್ಲಾನ್. ಹನ್ನೊಂದನೇ ನಿಮಿಷಕ್ಕೆ ಅವನು ತಾನಾಗೇ, ಯಾರೂ ಕೈ ಹಿಡಿಯದೆ, ಸಾಕು ಕಾರ್ಡ್ ತೆಗೆದು ನನ್ನ ಮಡಿಲಿಗೆ ಹಾಕಿದ. ಎದ್ದು ಅಜ್ಜಿ ಹತ್ರ ಹೋಗಿ ಕೂತ. ಅಷ್ಟು ದೂರ ಬಸ್ಸಿನಲ್ಲಿ ಹೋದವಳು ಹತ್ತೂವರೆಗೇ ಬ್ಯಾಗ್ ಕಟ್ಟಿದೆ.

ಡೇಟಾ ಶೀಟಲ್ಲಿ ಇದನ್ನ "ಸೆಷನ್ ಅಪೂರ್ಣ" ಅಂತ ಬರೀಬೇಕಾ?

ಅವನಮ್ಮ · ಡಿಸೆಂಬರ್ 14

ಟೀಚರ್, ನೀವು ಹೋದ ಮೇಲೆ ಅತ್ತೆ ಬೆಲ್ಲದ ಡಬ್ಬಿ ತೆಗೆದರು. ಅವರಿಗೂ ಅದೇ ಕಾರ್ಡ್ ಕೊಟ್ಟ. ಇನ್ನೂ ನಗ್ತಾ ಇದಾರೆ.

ರಾತ್ರಿ ಪಾಳಿ · ಡಿಸೆಂಬರ್ 15

ಅಪೂರ್ಣ ಅಂತ ಯಾಕೆ? "11 ನಿಮಿಷ, ಸಾಕು, ಸ್ವತಂತ್ರವಾಗಿ" ಅಂತ ಬರೀರಿ. ಅಜ್ಜಿದು ಬೇರೆ ಸಾಲಿನಲ್ಲಿ.